ಸೂಜಿಮೊನೆಯ ರಂಧ್ರದಲ್ಲಿ ಯೆಜ್ಡಿಯ ಉಸಿರು

ಹುನಗುಂದದ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜನ ಯೆಜ್ಡಿ ಮೂರು ವರ್ಷ ಗೋಣಿತಾಟು ಹೊದ್ದು ನಿಂತಿತ್ತು. ಅಜ್ಜ ತೀರಿಕೊಂಡ ಮೇಲೆ ಅದನ್ನು ಮುಟ್ಟಿದವರಿಲ್ಲ. ಕಳೆದ ದೀಪಾವಳಿಗೆ ಹೊರತೆಗೆದು, ತೊಳೆದು, ಹೊಸ ಪೆಟ್ರೋಲ್ ಹಾಕಿ ಎಷ್ಟು ಕಿಕ್ ಹೊಡೆದರೂ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಟೆಂಪೊದಲ್ಲಿ ಹೇರಿಕೊಂಡು ಇಳಕಲ್ಲಿಗೆ ಒಯ್ದೆವು. ಅಲ್ಲಿನ ಹಿರಿಯ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಕಿಡಿ ನೋಡಿದರು. ‘ಗಾಡಿಗೇನೂ ಆಗಿಲ್ಲ ತಮ್ಮಾ, ಜೆಟ್ ಕಟ್ಟೇತಿ’ ಎಂದರು. ಕಾರ್ಬ್ಯುರೇಟರ್ ಬಿಚ್ಚಿದಾಗ ಅದರ ಬಟ್ಟಲಿನ ತಳದಲ್ಲಿ ಜೋನಿಬೆಲ್ಲದಂಥ ಅಂಟು, ಅಂಚಿನಲ್ಲಿ ಬಿಳಿ ಪುಡಿ.

ಅಷ್ಟಕ್ಕೂ ಈ ಕಾರ್ಬ್ಯುರೇಟರ್ ಎಂದರೇನು? ಪೆಟ್ರೋಲ್ ದ್ರವರೂಪದಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದು ತುಂತುರಾಗಿ ಗಾಳಿಯೊಡನೆ ಬೆರೆಯಬೇಕು. ಎಂಜಿನ್ ಎಳೆದುಕೊಳ್ಳುವ ಗಾಳಿ ಕಾರ್ಬ್ಯುರೇಟರಿನ ಕಿರಿದಾದ ಗಂಟಲನ್ನು ದಾಟುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಕುಸಿಯುತ್ತದೆ. ಆಗ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ‘ಜೆಟ್’ ಎಂಬ ಹಿತ್ತಾಳೆಯ ಸಣ್ಣ ರಂಧ್ರದ ಮೂಲಕ ಮೇಲೇರಿ ಗಾಳಿಯಲ್ಲಿ ಸಿಡಿಯುತ್ತದೆ. ಬಟ್ಟಲಿನ ಮಟ್ಟ ಕಾಯಲು ತೇಲುವ ಫ್ಲೋಟ್ ಇದೆ. ಪೆಟ್ರೋಲ್ ತುಂಬಿದಾಗ ಅದು ಮೇಲೆದ್ದು ಸೂಜಿಯೊಂದರಿಂದ ದಾರಿ ಮುಚ್ಚುತ್ತದೆ. ಹಳೆಯ ಗಾಡಿಯಲ್ಲಿ ಇದಕ್ಕೆ ವಿದ್ಯುತ್ತೂ ಬೇಡ, ಪಂಪೂ ಬೇಡ.

ಆರಂಭದ ಎಂಜಿನ್ನುಗಳಲ್ಲಿ ಪೆಟ್ರೋಲಿನ ಮೇಲೆ ಗಾಳಿ ಹಾಯಿಸಿ ಅದರ ಆವಿಯನ್ನು ಒಯ್ಯುವ ಪದ್ಧತಿಯಿತ್ತು. 1893ರ ಸುಮಾರಿಗೆ ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬ್ಯಾಕ್, ಹಂಗೆರಿಯಲ್ಲಿ ಡೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ ಪೆಟ್ರೋಲನ್ನು ಜೆಟ್‌ನಿಂದ ಸಿಂಪಡಿಸುವ ಸಾಧನ ರೂಪಿಸಿದರು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಮೋಟಾರ್ ಸೈಕಲ್ಲುಗಳು ಓಡಿದ್ದು ಬಹುತೇಕ ಈ ತತ್ವದ ಮೇಲೆಯೇ.

ಈ ತತ್ವ ಕನ್ನಡ ನಾಡಿನಲ್ಲಿ ಮನೆಮಾತಾದುದರಲ್ಲಿ ಮೈಸೂರಿನ ಪಾಲು ದೊಡ್ಡದು. 1929ರಲ್ಲಿ ಪ್ರಾಗ್‌ನಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಮೋಟಾರ್ ಸೈಕಲ್ ತಯಾರಿಕೆಗೆ ತೊಡಗಿದರು. ಅವರ ಹೆಸರಿನ ಮೊದಲಕ್ಷರಗಳೂ, ಪರವಾನಗಿ ನೀಡಿದ ಜರ್ಮನಿಯ ವಾಂಡರರ್ ಕಂಪೆನಿಯ ಮೊದಲಕ್ಷರಗಳೂ ಸೇರಿ ‘ಜಾವಾ’ ಆಯಿತು. ಅದನ್ನು ಇಲ್ಲಿ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. 1973ರಲ್ಲಿ ಹೆಸರು ‘ಯೆಜ್ಡಿ’ ಎಂದಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಕಂಪೆನಿಯೊಂದರ ಮೂಲಕ ಮರಳಿದವು. ಆದರೆ ಅವು ಬೇರೆಯೇ ಎಂಜಿನ್ನಿನ ಬೇರೆಯೇ ಗಾಡಿಗಳು.

ಹಳೆಯ ಜಾವಾದ ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಸನ್ನೆ. ಆರಂಭದ ಗಾಡಿಗಳಲ್ಲಿದ್ದುದು ಜೆಕ್ ಮೂಲದ ಜಿಕೋವ್ ಕಾರ್ಬ್ಯುರೇಟರ್. ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಗಾಡಿ ನಿಂತುಬಿಟ್ಟರೆ ಬಟ್ಟಲಿನ ಪೆಟ್ರೋಲ್ ಆರಿಹೋಗಿ ಎಣ್ಣೆ ಉಳಿಯುತ್ತದೆ, ಗಟ್ಟಿಯಾಗಿ ಜೆಟ್ ಮುಚ್ಚುತ್ತದೆ. ಇದರೊಡನೆ ನಮ್ಮ ನೆಲದ ದೂಳೂ ಇದೆ. ಬಾದಾಮಿಯ ಕಡೆ ಮರಳುಗಲ್ಲಿನ ಪುಡಿ, ಇಳಕಲ್ಲಿನ ಸುತ್ತ ಕೆಂಪು ಗ್ರಾನೈಟ್ ಕೊಯ್ಯುವ ದೂಳು, ಬಾಗಲಕೋಟೆಯ ಎರೆಮಣ್ಣು. ಏರ್ ಫಿಲ್ಟರ್ ಸಡಿಲಿದ್ದರೆ ಎಲ್ಲವೂ ಒಳಕ್ಕೇ.

ಹಾಗಾದರೆ ಶುಚಿಗೊಳಿಸುವುದು ಹೇಗೆ? ಮೊದಲು ಪೆಟ್ರೋಲ್ ಕಾಕ್ ಮುಚ್ಚಬೇಕು. ಬೀಡಿ, ಬೆಂಕಿ ದೂರವಿರಬೇಕು. ಕಾರ್ಬ್ಯುರೇಟರ್ ಕಳಚಿ ಬಟ್ಟಲು, ಫ್ಲೋಟ್, ಸೂಜಿ, ಜೆಟ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಬೇಕು. ಲೋಹದ ಭಾಗಗಳನ್ನು ಕ್ಲೀನರ್‌ನಲ್ಲಿ ನೆನೆಸಿ, ಪ್ರತಿ ದಾರಿಗೂ ಕಂಪ್ರೆಸರ್ ಗಾಳಿ ಊದಬೇಕು. ರಬ್ಬರ್ ಭಾಗಗಳನ್ನು ಅದರಲ್ಲಿ ಅದ್ದಬಾರದು. ಜೆಟ್ಟನ್ನು ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ ಕಾಣಬೇಕು. ಇಲ್ಲಿ ಬಹಳ ಮಂದಿ ಮಾಡುವ ತಪ್ಪೆಂದರೆ ಉಕ್ಕಿನ ತಂತಿ ತುರುಕುವುದು. ಹಿತ್ತಾಳೆ ಮೆತ್ತನೆಯ ಲೋಹ. ಕೂದಲೆಳೆಯಷ್ಟು ಸವೆದರೂ ಪೆಟ್ರೋಲಿನ ಅಳತೆ ಶಾಶ್ವತವಾಗಿ ತಪ್ಪುತ್ತದೆ. ನಮ್ಮ ಮೆಕ್ಯಾನಿಕ್ ಒಂದು ರಾತ್ರಿ ಪೂರ್ತಿ ನೆನೆಯಲು ಬಿಟ್ಟರೇ ಹೊರತು ತಂತಿ ಮುಟ್ಟಲಿಲ್ಲ.

ಈಗ ಇನ್ನೊಂದು ಪ್ರಶ್ನೆ ಎದುರಾಗಿದೆ. ಆ ಬಿಳಿ ಪುಡಿ ನೀರಿನಂಶ ಲೋಹವನ್ನು ತಿಂದ ಗುರುತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಎಥೆನಾಲ್ ಕಬ್ಬಿನಿಂದಲೂ ಬರುತ್ತದೆ. ನಮ್ಮದೇ ಜಿಲ್ಲೆಯ ಮುಧೋಳ, ಜಮಖಂಡಿಯ ಕಡೆಯ ಬೆಳೆಗಾರರಿಗೆ ಅದರಿಂದ ಆಸರೆಯುಂಟು. ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಹಳೆಯ ಕೊಳೆಯನ್ನು ಕರಗಿಸಿ ಜೆಟ್‌ಗೆ ತಂದು ಹಾಕುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾದರೆ, ಎಥೆನಾಲಿಗೆ 9 ಗ್ರಾಂ ಸಾಕು. ಹೀಗಾಗಿ ಹಳೆಯ ಜೆಟ್‌ನಲ್ಲಿ ಇಂಧನ ಕಡಿಮೆಬಿದ್ದು ಎಂಜಿನ್ ಹೆಚ್ಚು ಕಾಯಬಹುದು. ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿದ್ದರೆ ಸರಿ. ಬೆಳ್ಳಗಾದರೆ ಮುಂದಿನ ನಂಬರಿನ ಜೆಟ್ ಕೊಂಡು ಹಾಕಬೇಕೇ ವಿನಾ ಇದ್ದುದನ್ನೇ ಕೊರೆಯಬಾರದು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದ ಕಾರ್ಬ್ಯುರೇಟರ್ ಬಹುತೇಕ ಮರೆಯಾಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಹೊಗೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಗ್ಯಾರೇಜಿಗೆ ಈಗ ಸೇರುವ ಹುಡುಗನಿಗೆ ಜೆಟ್ ನೋಡಿ ಕಲಿಯುವ ಅವಕಾಶ ಕಡಿಮೆ. ಹಳೆಯ ಗಾಡಿಗೆ ಬಿಡಿಭಾಗವನ್ನು ಹುಡುಕಿ ತರಿಸಬಹುದು, ಆ ಕಣ್ಣನ್ನು ತರಿಸಲಾಗದು.

ಮರುದಿನ ಮೂರನೆಯ ಕಿಕ್ಕಿಗೆ ಯೆಜ್ಡಿ ಎದ್ದಿತು. ಹೊರಡುವಾಗ ಮೆಕ್ಯಾನಿಕ್ ಒಂದು ಮಾತು ಹೇಳಿದರು. ಬಹಳ ದಿನ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಬಟ್ಟಲು ಬರಿದಾಗುವವರೆಗೆ ಎಂಜಿನ್ ಓಡಿಸಬೇಕು. ಆಗ ನೆನಪಾಯಿತು. ಅಜ್ಜ ಓಣಿಯ ತಿರುವಿನಲ್ಲೇ ಬಗ್ಗಿ ಕಾಕ್ ಮುಚ್ಚುತ್ತಿದ್ದರು, ಗಾಡಿ ಮನೆಯ ಬಾಗಿಲಿಗೆ ಬಂದು ತಾನೇ ಆರುತ್ತಿತ್ತು. ಪೆಟ್ರೋಲ್ ಉಳಿಸುವ ಜಿಪುಣತನವೆಂದು ನಾವು ನಗುತ್ತಿದ್ದೆವು.