ಗರಡಿಮನೆಯಿಂದ ಮೈದಾನಕ್ಕೆ

“ಊರಿನಲ್ಲಿದ್ದಾಗ ವ್ಯಾಯಾಮವೆಂದು ಬೇರೆ ಏನಿತ್ತು? ಬೀಸುವುದು, ಕುಟ್ಟುವುದು, ಬಾವಿಯಿಂದ ನೀರು ಸೇದುವುದು, ಅಷ್ಟರಲ್ಲೇ ಬೆವರಿಳಿಯುತ್ತಿತ್ತು” ಎಂದು ಮುಂಬಯಿಯಲ್ಲಿ ನೆಲೆಸಿದ ನಮ್ಮ ಮನೆಗಳ ಹಿರಿಯ ಹೆಂಗಸರು ಹೇಳುವುದುಂಟು. ಆ ಮಾತಿನಲ್ಲಿ ಒಂದು ಇತಿಹಾಸವೇ ಅಡಗಿದೆ.

ದುಡಿಮೆ ಬೇರೆ, ಸಾಮು ಬೇರೆ. ಸಾಮು ತೆಗೆಯಲು ಬಿಡುವೂ ಬೇಕು, ಜಾಗವೂ ಬೇಕು. ಹಳೆಯ ಬರಹಗಳಲ್ಲಿ ಇವೆರಡೂ ಉಳ್ಳವರಾಗಿ ಕಾಣುವವರು ಅರಸರು ಮತ್ತು ಅವರ ಮಲ್ಲರು. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಗುಣವಾಗಿ ವಿಂಗಡಿಸಿ, ಅವರ ಆಹಾರವನ್ನೂ ಅಭ್ಯಾಸವನ್ನೂ ಹೇಳಿದೆ. ಕಂಬದ ಮೇಲಿನ ಸಾಮಿನ ಪ್ರಸ್ತಾಪವೂ ಇದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನವೇ ರಾಯನು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಮಲ್ಲನೊಬ್ಬನೊಡನೆ ಸೆಣಸುತ್ತಿದ್ದನಂತೆ. ಬಳಿಕ ಕುದುರೆ ಸವಾರಿ. ಅದೇ ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ಮುಂದೆ ಬಂದ ನೂನಿಜ್ ತಿಳಿಸುತ್ತಾನೆ.

ಆದರೆ ಇದು ಅರಮನೆಯ ಮಾತಾಯಿತು. ಊರಿನಲ್ಲಿ ಗರಡಿಮನೆಯಿತ್ತು. ಕೆಮ್ಮಣ್ಣಿನ ಮಟ್ಟಿಯಲ್ಲಿ ಹುಡುಗರು ದಂಡ, ಬಸ್ಕಿ ಹೊಡೆದು ಪೈಲ್ವಾನರಾಗುತ್ತಿದ್ದರು; ವಯಸ್ಸಾದ ಪೈಲ್ವಾನರು ಉಸ್ತಾದರಾಗಿ ಅಲ್ಲಿಯೇ ಉಳಿಯುತ್ತಿದ್ದರು. ಮೈಸೂರಿನ ದಸರಾ ಕುಸ್ತಿಗೆ ಕಳೆ ಬಂದದ್ದು ಇಂಥ ಗರಡಿಗಳಿಂದಲೇ. ಚಿಣ್ಣರಿಗೆ ಬೀದಿಯಲ್ಲಿ ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆ. ಮುದುಕರಿಗೆ ಹೊಲದ ದಾರಿ, ಗುಡಿಯ ಪ್ರದಕ್ಷಿಣೆ. ಹೆಂಗಸರಿಗೆ ಮಾತ್ರ ಒರಳು, ಬೀಸುವ ಕಲ್ಲು, ಬಾವಿಯ ಹಗ್ಗ. ಗರಡಿಯ ಹೊಸ್ತಿಲು ಅವರದಾಗಿರಲಿಲ್ಲ; ಅವರ ಬೆವರನ್ನು ಯಾರೂ ಸಾಮೆಂದು ಕರೆಯಲೂ ಇಲ್ಲ.

ನಗರಕ್ಕೆ ಬಂದೆವು. ನಲ್ಲಿ, ಮಿಕ್ಸಿ, ಲಿಫ್ಟುಗಳು ಆ ದುಡಿಮೆಯನ್ನು ಹಗುರ ಮಾಡಿದವು. ಅದು ಒಳ್ಳೆಯದೇ ಆಯಿತು. ಆದರೆ ಹೋದ ದುಡಿಮೆಯ ಬದಲಿಗೆ ಮೈಯಾಡಿಸುವ ಜಾಗವೊಂದು ತಾನಾಗಿ ಬರಲಿಲ್ಲ.

ಜಾಗವಿದ್ದರೆ ಏನಾಗುತ್ತದೆಂಬುದನ್ನು ದಾದರಿನ ಶಿವಾಜಿ ಪಾರ್ಕಿನಲ್ಲಿ ನೋಡಬೇಕು. 1925ರಲ್ಲಿ ನಗರಪಾಲಿಕೆ ಸಾರ್ವಜನಿಕರಿಗೆ ತೆರೆದ ಆ ಬಯಲಿನಲ್ಲಿ ಬೆಳಗಾದರೆ ಹುಡುಗರ ಕ್ರಿಕೆಟ್, ಸುತ್ತಲೂ ಹಿರಿಯರ ನಡಿಗೆ. ಅಲ್ಲಿನ ವ್ಯಾಯಾಮಶಾಲೆಯಲ್ಲಿ ಹುಡುಗಿಯರೂ ಮಲ್ಲಕಂಬ ಏರುತ್ತಾರೆ! ಸೋಮೇಶ್ವರನ ಮಲ್ಲರ ಕಂಬ ಇಂದು ನಮ್ಮ ಹೆಣ್ಣುಮಕ್ಕಳ ಕೈಗೂ ಬಂದಿದೆ.

ಎಲ್ಲರ ಮನೆಯ ಬಳಿ ಅಂಥ ಮೈದಾನವಿಲ್ಲ, ನಿಜ. ಆದರೆ ಸಂಘಗಳ ಸಭಾಗೃಹಗಳಿವೆಯಲ್ಲ! ಹಾಡು, ನಾಟಕಗಳಿಗೆ ಸಂಜೆ ತೆರೆಯುವ ಆ ಬಾಗಿಲನ್ನು ಬೆಳಿಗ್ಗೆಯೂ ಒಂದು ತಾಸು ತೆರೆದರೆ ಅಜ್ಜಿ, ಸೊಸೆ, ಮೊಮ್ಮಗಳು ಮೂವರಿಗೂ ಅದೇ ಗರಡಿಮನೆಯಾದೀತು. ಬಂಧುಗಳು ಯೋಚಿಸಬೇಕು.