ಕಲ್ಲಿನ ಮೇಲಿಲ್ಲದ ಕಾವಲುಗಾರರು

ಸೆಪ್ಟೆಂಬರ್ 17 ಬಂತೆಂದರೆ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ. 1948ರ ಆ ದಿನ ನಿಜಾಮ ಶರಣಾದ. ಅದಕ್ಕೂ ಮುಂಚಿನ ಹದಿಮೂರು ತಿಂಗಳು ರಜಾಕಾರರ ಭಯದಲ್ಲಿ ಹಳ್ಳಿಗಳನ್ನು ಕಾದವರು ಯಾರು? ನಾವು ಹುಡುಕುತ್ತಿರುವುದು ಅವರ ಹೆಸರುಗಳನ್ನು.

1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆಂದು ದೇಶದ ಬ್ಲಾಕ್ ಕೇಂದ್ರಗಳಲ್ಲಿ ಹೋರಾಟಗಾರರ ಹೆಸರು ಕೊರೆದ ಕಲ್ಲು ನೆಡಿಸಿದರು. ಅದೇ ವರ್ಷ ಕೇಂದ್ರದ ಪಿಂಚಣಿ ಶುರುವಾಯಿತು. ಅದಕ್ಕೆ ಆರು ತಿಂಗಳ ಸೆರೆವಾಸದ ಕಾಗದ ಬೇಕಿತ್ತು. 1980ರಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ ಮೂರು ತಿಂಗಳು ಸಾಕೆಂದರು. ಒಳ್ಳೇದೇ ಆಯ್ತು. ಆದರೆ ಹುಡೇವು ಹತ್ತಿ ನಿದ್ದೆಗೆಟ್ಟವನು ಜೈಲಿನ ಕಾಗದ ಎಲ್ಲಿಂದ ತರಬೇಕು? ಮುಂಡರಗಿ ಶಿಬಿರದಲ್ಲಿದ್ದವರ ಪರವಾಗಿ ಸಾಕ್ಷಿ ಹೇಳಲು ಅಳವಂಡಿ ಶಿವಮೂರ್ತಿಸ್ವಾಮಿಯವರಂಥ ಮುಖಂಡರಿದ್ದರು. ಅಗಸೆಬಾಗಿಲಿಗೆ ಯಾವ ಮುಖಂಡ?

ಮಾನ್ವಿ ಸೀಮೆಯಿಂದ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ. ಗಾಡಿ, ಕಾಸು, ಆಚೆ ದಡದಲ್ಲಿ ನೆಂಟರು ಇದ್ದವರಿಗೆ ದಾಟುವ ದಾರಿ ಇತ್ತು. ಕೇರಿಯವರಿಗೆ ಏನಿತ್ತು? ಊರು ಕಾಯುವುದು ತಳವಾರರಿಗೆ, ಹೊಲೆಮಾದಿಗರಿಗೆ ತಲೆತಲಾಂತರದಿಂದ ಅಂಟಿಸಿದ ಚಾಕರಿ. ಆದ್ದರಿಂದಲೇ ಗೌಡ ಬಂದೂಕು ಹಿಡಿದರೆ ಅದು ಹೋರಾಟ. ಬಿಟ್ಟಿ ಕಾವಲಿನವನು ಕವಣೆ ಹಿಡಿದರೆ ಅದು ದಿನದ ಕೆಲಸ. ಸ್ವಯಂಸೇವಕ ಅನ್ನುವ ಮಾತಿಗೂ ಜಾತಿ ಇದೆ, ಗೆಳೆಯರೇ!

ನಮ್ಮವರೆಲ್ಲ ಒಂದೇ ಕಡೆ ನಿಂತಿದ್ದರು ಅಂತಲೂ ನಾವು ಹೇಳುವುದಿಲ್ಲ. ಬಿ.ಎಸ್. ವೆಂಕಟರಾವ್ ಲಾಯಕ್ ಅಲಿ ಸರಕಾರದಲ್ಲಿ ಮಂತ್ರಿಯಾಗಿದ್ದರು. ಬಿ. ಶ್ಯಾಮಸುಂದರ್ ನಿಜಾಮನ ನಿಯೋಗದಲ್ಲಿ ವಿಶ್ವಸಂಸ್ಥೆಗೆ ಹೊರಟರು. ನಿಜಾಮನ ಪಕ್ಷ ಸೇರಬೇಡಿ ಎಂದು ಅಂಬೇಡ್ಕರರು 1947ರ ನವೆಂಬರಿನಲ್ಲೇ ಎಚ್ಚರಿಸಿದ್ದರು. ಸವರ್ಣರ ಹಳ್ಳಿಯಲ್ಲಿ ಉಸಿರು ಕಟ್ಟಿದವನು ಯಾವ ಬಾಗಿಲು ತೆರೆದರೂ ಇಣುಕುತ್ತಾನೆ. ಅದನ್ನು ದ್ರೋಹವೆಂದು ಷರಾ ಬರೆದು ಮುಗಿಸುವಂತಿಲ್ಲ.

ಇನ್ನು ಪೊಲೀಸ್ ಕಾರ್ಯಾಚರಣೆಯ ನಂತರ ಸತ್ತ ಮುಸ್ಲಿಮರ ಲೆಕ್ಕ. ಸುಂದರಲಾಲ್ ಸಮಿತಿ ಸಂಸ್ಥಾನದಾದ್ಯಂತ ಕಡಿಮೆಯೆಂದರೂ 27ರಿಂದ 40 ಸಾವಿರ ಅಂದಿತು. ಆ ವರದಿಯನ್ನೇ ದಶಕಗಳ ಕಾಲ ಬಚ್ಚಿಟ್ಟರು. ಸತ್ತವರ ಹೆಸರು ಕಲ್ಲಿಗೇರುವುದು ದೂರದ ಮಾತು.

ಹೆಸರುಗಳು ಪೂರ್ತಿ ಅಳಿದಿಲ್ಲ. 1961ರ ಗ್ರಾಮ ಅಧಿಕಾರಗಳ ರದ್ದಿಯಾತಿ ಕಾಯಿದೆ ಬಂದಾಗ ಚಾಕರಿಯ ಇನಾಂ ಹೊಲ ಉಳಿಸಿಕೊಳ್ಳಲು ಅರ್ಜಿ ಹಾಕಬೇಕಾಯಿತು. ಆ ಕಡತಗಳಲ್ಲಿ ಕಾವಲುಗಾರನ ಹೆಸರು, ಅಪ್ಪನ ಹೆಸರು, ಹೊಲದ ಸರ್ವೆ ನಂಬರು ಇರುತ್ತವೆ. ಅದಕ್ಕೂ ಹಿಂದಿನವು ಬಹಳಷ್ಟು ಉರ್ದುವಿನಲ್ಲಿವೆ. ಓದಬಲ್ಲ ಮುದುಕರು ಇನ್ನೂ ಸಿಗುತ್ತಾರೆ, ಬೇಗ ಹೋಗಬೇಕು. ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ: ತಹಸೀಲ ಕಚೇರಿಗೆ ಹೋಗುವ ಮುಂಚೆ ಕೇರಿಗೆ ಹೋಗಿ. ಆ ವರ್ಷ ಮನೆಯಲ್ಲಿ ರಾತ್ರಿ ಯಾರು ಮಲಗ್ತಿರಲಿಲ್ಲ ಅಂತ ಅಜ್ಜಿಯರನ್ನ ಕೇಳಿ, ಹೆಸರು ಬರ್ಕೊಳ್ಳಿ. ಆಮೇಲೆ ಕಡತ ಬಿಚ್ಚಿಸಿ.