ಸಕ್ಕರೆಯನ್ನು ಹೋಲುವ ಕಿಣ್ವ ಪ್ರತಿಬಂಧಕ ಔಷಧಿಗಳು

ಪೀಠಿಕೆ

ಆಹಾರದ ಜೀರ್ಣಕ್ರಿಯೆ ಮೊದಲಾದ ಶರೀರದ ಕಾರ್ಯಗಳು ಕಿಣ್ವಗಳ ಮೂಲಕ ನಡೆಯುತ್ತವೆ. ಪ್ರತಿಯೊಂದು ಕಿಣ್ವವೂ ತನಗೆ ಹೊಂದುವ ಆಕಾರದ ಅಣುವಿನ ಮೇಲೆ ಮಾತ್ರ ಕ್ರಿಯೆ ನಡೆಸುತ್ತದೆ. ಸಕ್ಕರೆಯ ಅಣುವನ್ನು ಹೋಲುವ, ಆದರೆ ಕಿಣ್ವದಿಂದ ಸುಲಭವಾಗಿ ವಿಭಜನೆಯಾಗದ ವಸ್ತುವು ಆ ಸ್ಥಾನದಲ್ಲಿ ಸೇರಿಕೊಂಡಲ್ಲಿ ಕಿಣ್ವದ ಕಾರ್ಯಕ್ಕೆ ತಡೆಯುಂಟಾಗುತ್ತದೆ. ಈ ತತ್ವವನ್ನಾಧರಿಸಿ ಹಲವು ಔಷಧಿಗಳನ್ನು ರೂಪಿಸಲಾಗಿದೆ.

ಹಿನ್ನೆಲೆ

1966ರಲ್ಲಿ ಜಪಾನಿನ ವಿಜ್ಞಾನಿಗಳು ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ದೊರೆತ ನೊಜಿರಿಮೈಸಿನ್ ಎಂಬ ವಸ್ತುವಿನ ರಚನೆಯನ್ನು ತಿಳಿಸಿದರು. ಇದು ಗ್ಲೂಕೋಸನ್ನೇ ಹೋಲುತ್ತದೆ. ಉಂಗುರದಲ್ಲಿ ಆಮ್ಲಜನಕದ ಬದಲು ಸಾರಜನಕವಿರುತ್ತದೆ. ಇದೇ ವರ್ಗದ ಡಿಆಕ್ಸಿನೊಜಿರಿಮೈಸಿನ್ 1976ರಲ್ಲಿ ಹಿಪ್ಪುನೇರಳೆಯ ಬೇರಿನ ತೊಗಟೆಯಿಂದ ದೊರೆಯಿತು.

ಬಳಕೆಯಲ್ಲಿರುವ ಔಷಧಿಗಳು

1. ಮಧುಮೇಹ: ಅಕಾರ್ಬೋಸ್, ವೋಗ್ಲಿಬೋಸ್ ಮತ್ತು ಮಿಗ್ಲಿಟಾಲ್ ಔಷಧಿಗಳು ಸಣ್ಣ ಕರುಳಿನ ಆಲ್ಫಾ-ಗ್ಲೂಕೋಸಿಡೇಸ್ ಕಿಣ್ವಗಳನ್ನು ತಡೆಯುತ್ತವೆ. ಇದರಿಂದ ಊಟದ ನಂತರ ರಕ್ತದಲ್ಲಿ ಸಕ್ಕರೆಯ ಅಂಶವು ನಿಧಾನವಾಗಿ ಏರುತ್ತದೆ. ಹೊಟ್ಟೆಯುಬ್ಬರ ಮತ್ತು ವಾಯು ಇವುಗಳ ಸಾಮಾನ್ಯ ಅಡ್ಡಪರಿಣಾಮಗಳು.

2. ಇನ್‌ಫ್ಲುಯೆಂಜಾ: ಹೊಸ ವೈರಾಣುಗಳು ಸೋಂಕಿತ ಜೀವಕೋಶದಿಂದ ಬಿಡುಗಡೆಯಾಗಲು ನ್ಯೂರಾಮಿನಿಡೇಸ್ ಕಿಣ್ವವು ಅಗತ್ಯ. ಇದು ಸಯಾಲಿಕ್ ಆಮ್ಲವೆಂಬ ಸಕ್ಕರೆಯ ಮೇಲೆ ಕ್ರಿಯೆ ನಡೆಸುತ್ತದೆ. ಆ ಸಕ್ಕರೆಯನ್ನು ಅನುಕರಿಸುವ ಜನಾಮಿವಿರ್ ಮತ್ತು ಒಸೆಲ್ಟಾಮಿವಿರ್ ಔಷಧಿಗಳಿಗೆ 1999ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ರೋಗಲಕ್ಷಣ ಕಂಡ 48 ಗಂಟೆಗಳೊಳಗೆ ಚಿಕಿತ್ಸೆ ಆರಂಭಿಸಿದಲ್ಲಿ ಹೆಚ್ಚಿನ ಪ್ರಯೋಜನವಿರುತ್ತದೆ.

3. ಗೌಷೆ ಕಾಯಿಲೆ: ಜೀವಕೋಶಗಳಲ್ಲಿ ಕೊಬ್ಬಿನ ಅಂಶ ಶೇಖರಣೆಯಾಗುವ ಈ ಅಪರೂಪದ ಆನುವಂಶಿಕ ಕಾಯಿಲೆಗೆ ಮಿಗ್ಲುಸ್ಟಾಟ್ ಔಷಧಿಯನ್ನು 2002ರಲ್ಲಿ ಯೂರೋಪಿನಲ್ಲಿ ಅನುಮೋದಿಸಲಾಯಿತು.

ಡೆಂಗಿ ಕುರಿತ ಪ್ರಯೋಗ

ಡೆಂಗಿ ವೈರಾಣುವು ತನ್ನ ಪ್ರೋಟೀನುಗಳ ರಚನೆಗೆ ಮಾನವ ಜೀವಕೋಶದ ಗ್ಲೂಕೋಸಿಡೇಸ್ ಕಿಣ್ವಗಳನ್ನೇ ಅವಲಂಬಿಸಿದೆ. ಈ ಕಿಣ್ವಗಳನ್ನು ತಡೆಯುವ ಸೆಲ್ಗೋಸಿವಿರ್ ಔಷಧಿಯನ್ನು ಸಿಂಗಪುರದಲ್ಲಿ 50 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಔಷಧಿಯು ಸುರಕ್ಷಿತವಾಗಿದ್ದರೂ, ವೈರಾಣುವಿನ ಪ್ರಮಾಣವಾಗಲಿ ಜ್ವರವಾಗಲಿ ಗಣನೀಯವಾಗಿ ಇಳಿಯಲಿಲ್ಲ. ಪ್ರಯೋಗಾಲಯದ ಯಶಸ್ಸು ಚಿಕಿತ್ಸೆಯ ಯಶಸ್ಸೆಂದು ಭಾವಿಸಲಾಗದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

* ಅಕಾರ್ಬೋಸ್, ವೋಗ್ಲಿಬೋಸ್ ಅಥವಾ ಮಿಗ್ಲಿಟಾಲ್ ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಪಡೆಯುವವರಲ್ಲಿ ಸಕ್ಕರೆಯ ಅಂಶವು ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತಲೆಸುತ್ತು ಇದರ ಲಕ್ಷಣಗಳು.

* ಅಂತಹ ಸಂದರ್ಭದಲ್ಲಿ ಮನೆಯ ಸಕ್ಕರೆ ಅಥವಾ ಬೆಲ್ಲವು ತ್ವರಿತವಾಗಿ ಫಲ ನೀಡದು. ಇವುಗಳಲ್ಲಿನ ಸುಕ್ರೋಸನ್ನು ವಿಭಜಿಸುವ ಕಿಣ್ವವನ್ನೇ ಔಷಧಿಯು ತಡೆದಿರುತ್ತದೆ. ಗ್ಲೂಕೋಸ್ ಪುಡಿಯನ್ನೇ ನೀರಿನಲ್ಲಿ ಕರಗಿಸಿ ಕೊಡತಕ್ಕದ್ದು. ಆದುದರಿಂದ ಗ್ಲೂಕೋಸನ್ನು ಮನೆಯಲ್ಲಿಯೂ ಪ್ರಯಾಣದಲ್ಲಿಯೂ ಇಟ್ಟುಕೊಂಡಿರುವುದು ಅವಶ್ಯಕ.

* ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

* ಹಿಪ್ಪುನೇರಳೆ ಸೊಪ್ಪು ಅಥವಾ ಅದರ ಪುಡಿಯು ವೈದ್ಯರು ಸೂಚಿಸಿದ ಔಷಧಿಗೆ ಬದಲಿಯಲ್ಲ.